ಚೌಕಾಸಿಗೆ ಕೂತ ಚಕ್ಕುಲಿ ಡಬ್ಬಿ

ನಮ್ಮ ಅಡುಗೆಮನೆಯ ಮೇಲಿನ ಕಪಾಟಿನಲ್ಲಿ, ತೊಗರಿಬೇಳೆಯ ಪೊಟ್ಟಣಕ್ಕೂ ಸೋಯಾ ಸಾಸಿನ ಬಾಟಲಿಗೂ ನಡುವೆ, ಒಂದು ಸ್ಟೀಲ್ ಡಬ್ಬಿ ಕೂತಿದೆ. ಮುಚ್ಚಳ ಒಂದು ಕಡೆ ನೆಗ್ಗಿರುವುದರಿಂದ ಅಂಗೈಯಿಂದ ಒಂದು ಏಟು ಕೊಟ್ಟ ಹೊರತು ಅದರ ಬಾಯಿ ಮುಚ್ಚುವುದಿಲ್ಲ. ಈ ವಿಷಯದಲ್ಲಿ ಅದು ನನ್ನ ತವರಿನ ಗುಣವನ್ನೇ ಪಡೆದು ಬಂದಿದೆ ಎಂಬುದು ನನ್ನ ಗಂಡನ ಅಭಿಪ್ರಾಯ. ಹೊಟ್ಟೆಯ ಮೇಲೆ ಚುಕ್ಕಿಚುಕ್ಕಿ ಅಕ್ಷರಗಳಲ್ಲಿ ‘ಸೌ. ರುಕ್ಮಿಣಿಯಮ್ಮ, ಮೈಸೂರು’ ಎಂದು ಕೊರೆದಿದೆ. ರುಕ್ಮಿಣಿಯಮ್ಮ ನನ್ನ ಅಜ್ಜಿ, ಅಮ್ಮನ ಅಮ್ಮ. ತೀರಿಕೊಂಡು ಹನ್ನೆರಡು ವರ್ಷವಾಯಿತು. ಅಜ್ಜನ ಅರವತ್ತರ ಶಾಂತಿಗೆ ಕೊಂಡ ಈ ಡಬ್ಬಿಯ ಮೇಲೆ ಪಾತ್ರೆ ಅಂಗಡಿಯವನು ಹೆಸರು ಕೊರೆದುಕೊಟ್ಟದ್ದು ಅಜ್ಜಿಯ ಕೀರ್ತಿ ಉಳಿಯಲೆಂದಲ್ಲ, ಡಬ್ಬಿ ಉಳಿಯಲೆಂದು. ನಮ್ಮ ಕಡೆ ಡಬ್ಬಿಗಳು ಮನೆಯಲ್ಲಿ ಇರುವುದಕ್ಕಿಂತ ಪಕ್ಕದ ಮನೆಗಳಲ್ಲಿ ಇರುವುದೇ ಹೆಚ್ಚು. ಕೋಡುಬಳೆ ತುಂಬಿಕೊಂಡು ಹೋಗುತ್ತವೆ, ಹುಳಿಯವಲಕ್ಕಿ ತುಂಬಿಕೊಂಡು ಬರುತ್ತವೆ. ಕೊಡಲು ಏನೂ ಇಲ್ಲದ ದಿನ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕಳಿಸಬೇಕೇ ಹೊರತು ಖಾಲಿ ಡಬ್ಬಿ ಹಿಂದಿರುಗಿಸಬಾರದು ಎಂಬುದು ಅಜ್ಜಿಯ ಕಟ್ಟಾಜ್ಞೆಯಾಗಿತ್ತು.

ಈ ಡಬ್ಬಿ ಒಂದೂವರೆ ತಿಂಗಳು ಜಪಾನಿನ ಒಂದು ವಿಶ್ವವಿದ್ಯಾಲಯದ ಅಧೀನದಲ್ಲಿತ್ತು ಎಂದರೆ ನೀವು ನಂಬಲಿಕ್ಕಿಲ್ಲ. ಸಹಿ, ಮೊಹರು, ದಾಖಲೆ ಪುಸ್ತಕ ಸಮೇತ ಇತ್ತು. ಅದರ ಕಥೆಯನ್ನು ನಿಮಗಲ್ಲದೆ ಬೇರೆ ಯಾರಿಗೆ ಹೇಳಲಿ? ಇಲ್ಲಿಯವರಿಗೆ ಹೇಳಿದರೆ ಅದರಲ್ಲಿ ನಗುವಂಥದ್ದೇನಿದೆ ಎಂದು ಕೇಳುತ್ತಾರೆ.

ನನ್ನ ಗಂಡನನ್ನು ಅವರ ಸಾಫ್ಟ್‌ವೇರ್ ಕಂಪನಿ ಟೋಕಿಯೋಗೆ ಕಳಿಸಿದಾಗ ನಾನೂ ಬಂದೆ. ಅಲ್ಲಿನ ನಿಶಿ ಕಸಾಯಿ ಬಡಾವಣೆಯಲ್ಲಿ ಮನೆ ಮಾಡಿದೆವು. ಮಗಳು ಶಾಲೆಗೆ ಹೋಗಲು ತೊಡಗಿ, ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಜಪಾನಿ ಭಾಷೆಯಲ್ಲಿ ಉತ್ತರ ಕೊಡಲಾರಂಭಿಸಿದ ಮೇಲೆ, ಹಟಕ್ಕೆ ಬಿದ್ದು ಆ ಭಾಷೆ ಕಲಿತೆ. ಕಲಿತ ಭಾಷೆ ಸುಮ್ಮನೆ ಕೂರಲೊಲ್ಲದೆ ನನಗೊಂದು ಕೆಲಸ ಕೊಡಿಸಿತು. ತೋಝಾಯಿ ಮೆಟ್ರೋ ಹತ್ತಿ, ಒಂದು ಕಡೆ ಬದಲಾಯಿಸಿ ಹೋದರೆ ಸಿಗುವ ಸಾರ್ವಜನಿಕ ವಿಶ್ವವಿದ್ಯಾಲಯವೊಂದರಲ್ಲಿ (ಹೆಸರು ಬೇಡ ಬಿಡಿ) ವಿದೇಶಿ ವಿದ್ಯಾರ್ಥಿಗಳ ಅರ್ಜಿ ತುಂಬಿಸುವ ಕೆಲಸ. ವರ್ಷಕ್ಕೊಮ್ಮೆ ನವೀಕರಿಸುವ ಗುತ್ತಿಗೆ. ನನಗದು ಸಂಸಾರದ ನಡುವಿನ ಒಂದು ಹವ್ಯಾಸದಂತಿತ್ತು, ಆದರೆ ಪಕ್ಕದ ಕೌಂಟರಿನ ಮೊರಿತಾ ಸಾನ್‌ಗೆ ಅದೇ ಅನ್ನ. (ಇಲ್ಲಿ ಹೆಸರಿನ ಜೊತೆ ಹಚ್ಚುವ ‘ಸಾನ್’ ನಮ್ಮ ‘ಅವರು’ ಇದ್ದ ಹಾಗೆ.)

ಮೊರಿತಾ ಸಾನ್‌ಗೆ ಐವತ್ತೇಳು ವರ್ಷ. ಒಂಟಿ ಹೆಂಗಸು. ಕೊಠಡಿಗಳ ಬೀಗದ ಕೈ, ಸಭಾಂಗಣದ ಕಾಯ್ದಿರಿಸುವಿಕೆ, ಮರೆತು ಹೋದ ವಸ್ತುಗಳು, ಇವು ಅವರ ಸಾಮ್ರಾಜ್ಯ. ನಾನು ಸೇರಿದ ದಿನ ನನಗೆ ಫೈಲಿನ ದಾರ ಕಟ್ಟುವುದರಿಂದ ಹಿಡಿದು ಯಾರಿಗೆ ಎಷ್ಟು ಬಗ್ಗಿ ನಮಸ್ಕರಿಸಬೇಕು ಎಂಬುದರವರೆಗೆ ಎಲ್ಲ ಕಲಿಸಿದವರು ಅವರೇ. ಮಧ್ಯಾಹ್ನದ ಊಟದ ಹೊತ್ತಿಗೆ ಅಜ್ಜಿಯ ಡಬ್ಬಿಯಿಂದ ಚಕ್ಕುಲಿ ತಿಂದು, ತುಟಿಯನ್ನು ಕರವಸ್ತ್ರದಿಂದ ಒತ್ತಿಕೊಂಡು, ಮರುದಿನ ಅದೇ ಡಬ್ಬಿಯಲ್ಲಿ ಎರಡು ಕಿತ್ತಳೆ ಹಣ್ಣು ಇಟ್ಟು ಕೊಡುತ್ತಿದ್ದರು. ಯಾರೂ ಹೇಳಿಕೊಡದೆ ಅವರು ಅಜ್ಜಿಯ ನಿಯಮವನ್ನು ಪಾಲಿಸುತ್ತಿದ್ದದ್ದನ್ನು ಕಂಡು ನನಗೆ ಅವರ ಮೇಲೆ ಪ್ರೀತಿ ಹುಟ್ಟಿತು.

ಈಗ ಒಂದು ಕಾನೂನು ಕೇಳಿ, ಇದೊಂದೇ ಕಾನೂನು, ಇನ್ನು ತೊಂದರೆ ಕೊಡುವುದಿಲ್ಲ. ಗುತ್ತಿಗೆಯವರು ಒಂದೇ ಕಡೆ ಐದು ವರ್ಷ ಮೀರಿ ದುಡಿದರೆ, ತಮ್ಮನ್ನು ಕಾಯಂ ಮಾಡಿ ಎಂದು ಕೇಳುವ ಹಕ್ಕು ಅವರಿಗೆ ಬರುತ್ತದೆ. ಕೇಳಿದರೆ ಇಲ್ಲ ಎನ್ನುವಂತಿಲ್ಲ. ಗಮನಿಸಿ: ಐದು ತುಂಬಿದರೆ ಸಾಲದು, ಮೀರಬೇಕು. ನೌಕರರಿಗೆ ನೆಲೆ ಸಿಗಲೆಂದು ಮಾಡಿದ ಈ ಕಾನೂನನ್ನು ನಮ್ಮ ವಿಶ್ವವಿದ್ಯಾಲಯ ಅತ್ಯಂತ ಶ್ರದ್ಧೆಯಿಂದ ಅಧ್ಯಯನ ಮಾಡಿ, ಸರಿಯಾಗಿ ಐದನೆಯ ವರ್ಷದ ಮಾರ್ಚ್ ಮೂವತ್ತೊಂದರ ಸಂಜೆಗೆ ಎಲ್ಲರನ್ನೂ ಮನೆಗೆ ಕಳಿಸುವ ಪದ್ಧತಿ ಮಾಡಿಕೊಂಡಿತ್ತು. ಆರು ತಿಂಗಳಾದರೂ ಹೊರಗಿದ್ದು ಮರಳಿ ಬಂದರೆ ಎಣಿಕೆ ಸೊನ್ನೆಯಿಂದ ಮತ್ತೆ ಶುರು. ಮೊರಿತಾ ಸಾನ್ ಇದನ್ನು ಒಮ್ಮೆ ಅನುಭವಿಸಿದ್ದರು. ಐದು ವರ್ಷ ದುಡಿದು, ಮುಂದಿನ ಏಪ್ರಿಲ್ ಬರುವವರೆಗೆ ಒಂದು ವರ್ಷ ಕಾರ್ಖಾನೆಯಲ್ಲಿ ಊಟದ ಪೆಟ್ಟಿಗೆ ತುಂಬಿ, ಬಿರಿದ ಬೆರಳುಗಳೊಂದಿಗೆ ಮರಳಿದಾಗ ಅವರು ಕಾಗದದ ಪ್ರಕಾರ ಹೊಸಬರು. ಹೊಸಬರಿಗೆ ತರಬೇತಿ ಕಡ್ಡಾಯ. ತರಬೇತಿಯ ಕೈಪಿಡಿ ಬರೆದವರು ಅವರೇ ಆಗಿದ್ದರಿಂದ, ತಾವು ಬರೆದದ್ದನ್ನು ತಮಗೆ ಓದಿ ಹೇಳುವುದನ್ನು ಎರಡು ದಿನ ಕೂತು ಕೇಳಿಸಿಕೊಂಡು, ಕೊನೆಗೆ ‘ಅರ್ಥವಾಯಿತು’ ಎಂದು ಸಹಿ ಹಾಕಿದರಂತೆ. ಇದನ್ನು ಅವರು ನನಗೆ ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ.

ಆ ಎರಡನೆಯ ಸುತ್ತಿನ ಐದನೆಯ ಮಾರ್ಚ್ ಈ ವರ್ಷ ಬಂದಿತು. ನೌಕರರ ಸಂಘ ಆಡಳಿತವನ್ನು ಸಾಮೂಹಿಕ ಚೌಕಾಸಿಗೆ ಕರೆಯಿತು. ವಿಷಯ ಒಂದೇ, ಮೊರಿತಾ ಸಾನ್‌ರ ಕೆಲಸ. ಚೌಕಾಸಿ ಎಂದೊಡನೆ ನನಗೆ ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಅಮ್ಮ ಬೀನ್ಸಿನ ಗುಡ್ಡೆಯ ಮುಂದೆ ನಿಂತು, ಕೊಳ್ಳುವ ಇಚ್ಛೆಯೇ ಇಲ್ಲದವಳಂತೆ ಆಕಾಶ ನೋಡುತ್ತಿದ್ದದ್ದು ನೆನಪಾಗುತ್ತದೆ. ಇಲ್ಲಿ ಹಾಗಲ್ಲ. ಯಾರು ಬರುತ್ತಾರೆ, ಎಲ್ಲಿ ಕೂರುತ್ತಾರೆ, ಎಷ್ಟು ಹೊತ್ತು ಮಾತಾಡುತ್ತಾರೆ ಎಂಬ ಪಟ್ಟಿ ವಾರ ಮೊದಲೇ ಹೋಗಬೇಕು. ಸಂಘದ ಕಾರ್ಯದರ್ಶಿ ಓಗಾತಾ ಸಾನ್, ಮಣ್ಣಿನ ವಿಜ್ಞಾನದ ಪ್ರಾಧ್ಯಾಪಕರು, ತೋಳಿಗೆ ಕೆಂಪು ಪಟ್ಟಿ ಕಟ್ಟಿದೊಡನೆ ಇಪ್ಪತ್ತು ವರ್ಷ ಚಿಕ್ಕವರಾಗುವ ಮನುಷ್ಯ. ಪಕ್ಕದ ಕೌಂಟರಿನವಳೆಂದು ಅವರು ಪಟ್ಟಿಯಲ್ಲಿ ನನ್ನ ಹೆಸರನ್ನೂ ಸೇರಿಸಿದರು. ಆಡಳಿತದ ಕಡೆ ಸಿಬ್ಬಂದಿ ವಿಭಾಗದ ಮುಖ್ಯಸ್ಥ ಕುರೋದಾ ಸಾನ್: ತೆಳ್ಳಗಿನ ಆಳು, ನಿಯಮಾವಳಿಯ ಪುಸ್ತಕವನ್ನು ಎದೆಗೆ ಅವುಚಿಕೊಂಡು ಓಡಾಡುವವರು.

ಫೆಬ್ರವರಿಯ ಕೊನೆಯಲ್ಲಿ ಮೊದಲ ಸಭೆ. ನಮ್ಮಲ್ಲಿ ಹೆಣ್ಣು ನೋಡಲು ಬಂದವರಿಗಾಗಲಿ, ಆಸ್ತಿ ಭಾಗ ಮಾಡಲು ಕೂತವರಿಗಾಗಲಿ, ಮೊದಲು ತಿಂಡಿ ಕೊಟ್ಟ ಮೇಲೆಯೇ ಮಾತು. ನಾನು ಹಿಂದು ಮುಂದು ನೋಡದೆ, ಬೆಳಗ್ಗೆ ತಾನೇ ಕರಿದಿದ್ದ ಚಕ್ಕುಲಿಯ ಡಬ್ಬಿಯನ್ನು ಚೀಲದಿಂದ ತೆಗೆದು, ಮೇಜಿನ ನಟ್ಟನಡುವೆ ಇಟ್ಟು, ಮುಚ್ಚಳ ತೆರೆದು, “ತೊಗೊಳ್ಳಿ” ಎಂದೆ.

ಕುರೋದಾ ಸಾನ್ ನಿಯಮಾವಳಿ ತೆರೆದರು. ಎದುರು ಪಕ್ಷದಿಂದ ತಿನ್ನುವುದೂ ಸೇರಿ ಯಾವ ವಸ್ತುವನ್ನೂ ಸ್ವೀಕರಿಸಬಾರದೆಂದು ಅದರಲ್ಲಿತ್ತು. “ಸುಮಿಮಾಸೆನ್, ಕ್ಷಮಿಸಿ, ದಯವಿಟ್ಟು ಇದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು” ಎಂದರು. ನಾನು ನಾಚಿ ಕೈ ಚಾಚಿದೆ. ಆದರೆ ಓಗಾತಾ ಸಾನ್ ನನ್ನ ಕೈಯನ್ನು ತಡೆದರು. “ಆಡಳಿತದ ಆಜ್ಞೆಯ ಮೇರೆಗೆ ಸಂಘ ತನ್ನ ನಿಲುವಿನಿಂದ ಹಿಂದೆ ಸರಿಯುವುದಿಲ್ಲ. ಇವತ್ತು ತಿಂಡಿ ಹಿಂದಕ್ಕೆ ತೆಗೆದುಕೊಂಡವರು ನಾಳೆ ಬೇಡಿಕೆಯನ್ನೂ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ” ಎಂದು ಗುಡುಗಿದರು. ಅವರ ತೋಳಿನ ಪಟ್ಟಿ ಉಬ್ಬಿತು. ಅಲ್ಲಿಂದ ಮುಂದೆ ಒಂದೂವರೆ ಗಂಟೆ ಚಕ್ಕುಲಿ ಯಾರದು, ಅದನ್ನು ಯಾರು ಮುಟ್ಟಬಹುದು ಎಂಬ ಚರ್ಚೆ ನಡೆದು, ಕಾಯ್ದಿರಿಸಿದ ಸಮಯ ಮುಗಿದು, ಎರಡೂ ಪಕ್ಷದವರು ಪರಸ್ಪರ ಬಗ್ಗಿ ನಮಸ್ಕರಿಸಿ ಹೊರನಡೆದರು. ಮೊರಿತಾ ಸಾನ್‌ರ ಹೆಸರನ್ನು ಯಾರೂ ಎತ್ತಲಿಲ್ಲ. ಡಬ್ಬಿ ಮೇಜಿನ ಮೇಲೆಯೇ ಉಳಿಯಿತು.

ಬೀಗ ಹಾಕಲು ಬಂದವರು ಮೊರಿತಾ ಸಾನ್. ಖಾಲಿ ಕೊಠಡಿಯಲ್ಲಿ ಸಿಕ್ಕಿದ್ದು ಮರೆತು ಹೋದ ವಸ್ತು. ಮರೆತು ಹೋದ ವಸ್ತುವಿಗೆ ಒಂದು ಪುಸ್ತಕವಿದೆ. ಅವರಿಗೆ ಆ ಡಬ್ಬಿ ಯಾರದೆಂದು ಚೆನ್ನಾಗಿ ಗೊತ್ತಿತ್ತು, ಆದರೂ ತಮ್ಮ ಕೆಲಸ ಮಾಡಿದರು. ‘ಲೋಹದ ಪಾತ್ರೆ ಒಂದು. ಒಳಗೆ ಸುರುಳಿಯಾಕಾರದ ಕರಿದ ತಿಂಡಿ, ಇಪ್ಪತ್ತಮೂರು’ ಎಂದು ಬರೆದು ಮೊಹರು ಒತ್ತಿದರು. ಪಾತ್ರೆಯ ಮೇಲಿನ ಲಿಪಿಯನ್ನು ಭಾಷಾಂತರಿಸಲು ವಿಶ್ವವಿದ್ಯಾಲಯದಲ್ಲಿ ಕನ್ನಡ ಓದಬಲ್ಲವರು ಯಾರೆಂದು ವಿಚಾರಿಸಲಾಗಿ, ಕಾಗದ ನನ್ನ ಮೇಜಿಗೇ ಬಂತು. ಆಗ ನಾನು ಮಾಡಿದ ತಪ್ಪನ್ನು ಏನೆನ್ನಲಿ! ‘ಇದು ನನ್ನದು’ ಎಂದು ಒಂದು ಸಾಲು ಗೀಚಿದ್ದರೆ ಮುಗಿಯುತ್ತಿತ್ತು. ಭಾಷಾಂತರ ಎಂದು ಕೇಳಿದ್ದಾರಲ್ಲ ಎಂಬ ಪ್ರಾಮಾಣಿಕತೆಯ ಹುಚ್ಚಿನಲ್ಲಿ, ‘ಮೈಸೂರಿನ ರುಕ್ಮಿಣಿಯಮ್ಮ, ಪತಿ ಜೀವಂತವಾಗಿರುವ ಮಹಿಳೆ’ ಎಂದು ಅಕ್ಷರಶಃ ಬರೆದುಕೊಟ್ಟೆ. ಹೀಗೆ ನನ್ನ ಅಜ್ಜಿ ಜಪಾನಿನ ದಾಖಲೆಗಳಲ್ಲಿ ಅಜ್ಜನ ಸಮೇತ ಪುನರ್ಜನ್ಮ ಪಡೆದಳು.

ಡಬ್ಬಿ ಕೇಳಲು ಹೋದರೆ ಮೊರಿತಾ ಸಾನ್ ತಲೆ ತಗ್ಗಿಸಿ, “ನೀವು ರುಕ್ಮಿಣಿ ಸಾನ್ ಅಲ್ಲವಲ್ಲ” ಎಂದರು. ಕುರೋದಾ ಸಾನ್ ಅಧಿಕಾರಪತ್ರ ಕೇಳಿದರು. ರುಕ್ಮಿಣಿ ಸಾನ್ ತೀರಿಕೊಂಡಿದ್ದಾರೆ ಎಂದೆ. ಅವರು ಎದ್ದು ನಿಂತು, ಮನಃಪೂರ್ವಕವಾಗಿ ಸಂತಾಪ ಸೂಚಿಸಿ, ಮತ್ತೆ ಕೂತು, ಹಾಗಾದರೆ ವಾರಸುದಾರರೆಲ್ಲರ ಒಪ್ಪಿಗೆಪತ್ರ ಬೇಕು ಎಂದರು. ವಾರಸುದಾರರು ಇಬ್ಬರು: ಅಮ್ಮ ಮತ್ತು ಅವರ ತಮ್ಮ ಶ್ರೀಧರ ಮಾವ.

ಅಮ್ಮನಿಗೆ ಫೋನ್ ಮಾಡಿದೆ. “ಏನೇ ಇದು, ಒಂದು ಡಬ್ಬಿಗೆ ಪವರ್ ಆಫ್ ಅಟಾರ್ನಿನಾ? ಅವ್ರಿಗೆ ಮಾಡಕ್ಕೆ ಬೇರೆ ಕೆಲ್ಸ ಇಲ್ವಾ?” ಎಂದು ಬೈದು, ಸಂಜೆಯೊಳಗೆ ಸಹಿ ಹಾಕಿದರು. ಶ್ರೀಧರ ಮಾವ ಹಾಕಲಿಲ್ಲ. ಹನ್ನೆರಡು ವರ್ಷಗಳಿಂದ ಒಳಗೇ ಇಟ್ಟುಕೊಂಡಿದ್ದ ಮಾತು ಆಗ ಹೊರಬಂತು: “ಆ ಡಬ್ಬಿ ನಂಗೆ ಕೊಡ್ತೀನಿ ಅಂತ ಅಮ್ಮ ಹೇಳಿದ್ರು. ನಿಮ್ಮಮ್ಮ ಸದ್ದಿಲ್ದೆ ಎತ್ಕೊಂಡ್ಹೋದ್ಲು. ಈಗ ಜಪಾನ್‌ನವ್ರೇ ಕೇಳ್ತಿದಾರೆ ಅಂದ್ಮೇಲೆ ನ್ಯಾಯವಾಗಿ ತೀರ್ಮಾನ ಆಗ್ಲಿ ಬಿಡು.” ಹೀಗೆ ಡಬ್ಬಿಯ ಒಡೆತನ ಮೈಸೂರಿನಲ್ಲಿಯೂ ವಿವಾದಕ್ಕೆ ಬಿತ್ತು.

ಮಾರ್ಚ್ ನಡುವಿನ ಎರಡನೆಯ ಸಭೆಯಲ್ಲಿ ಕುರೋದಾ ಸಾನ್ ಮೊದಲು ಎತ್ತಿದ್ದು ಹಿಂದಿನ ಪಟ್ಟಿಯಲ್ಲಿ ಇಲ್ಲದ ರುಕ್ಮಿಣಿ ಎಂಬ ಮೂರನೆಯ ವ್ಯಕ್ತಿಯ ಆಸ್ತಿ ಸಭೆಯೊಳಗೆ ಹೇಗೆ ಬಂತು ಎಂಬ ಪ್ರಶ್ನೆಯನ್ನು. ಓಗಾತಾ ಸಾನ್ ರುಕ್ಮಿಣಿಯಮ್ಮನ ಪರವಾಗಿ ಅರ್ಧ ಗಂಟೆ ವಾದಿಸಿದರು. ಅಜ್ಜಿ ಕೇಳಿದ್ದರೆ ಅವರಿಗೆ ಎರಡು ಹೋಳಿಗೆ ಹೆಚ್ಚು ಬಡಿಸುತ್ತಿದ್ದಳು. ಕೊನೆಯ ಐದು ನಿಮಿಷದಲ್ಲಿ ಮೊರಿತಾ ಸಾನ್‌ರ ವಿಷಯ ಬಂತು. ಅದನ್ನು ಸಕಾರಾತ್ಮಕವಾಗಿ ಪರಿಶೀಲಿಸುವುದಾಗಿ ಆಡಳಿತ ಹೇಳಿತು. ಸಕಾರಾತ್ಮಕವಾಗಿ ಪರಿಶೀಲಿಸುವುದು ಎಂದರೆ ಇಲ್ಲಿ ಆಗುವುದಿಲ್ಲ ಎಂದೇ ಅರ್ಥ, ನಮ್ಮ ಕಚೇರಿಗಳ ‘ನೋಡೋಣ’ದ ಹಾಗೆ.

ಆ ದಿನ ರೈಲಿನಲ್ಲಿ ಕಂಬಿ ಹಿಡಿದು ನಿಂತಾಗ ನನಗೆ ಸಿಟ್ಟು ಬಂತು. ಸುಳ್ಳೇಕೆ, ಅಳುವೂ ಬಂತು. ನೀವೇ ಯೋಚಿಸಿ. ಆ ಡಬ್ಬಿಗೆ ಒಬ್ಬ ಪಾಲಕಿ ಇದ್ದಾರೆ, ಒಂದು ಬೀಗದ ಕಪಾಟಿದೆ, ಒಂದು ಸಂಖ್ಯೆ ಇದೆ. ಪ್ರತಿ ಶುಕ್ರವಾರ ಖುದ್ದು ಕುರೋದಾ ಸಾನ್ ಬಂದು, ಮುಚ್ಚಳ ತೆರೆದು, ಚಕ್ಕುಲಿಗಳನ್ನು ಎಣಿಸಿ, ಎಲ್ಲ ಕ್ಷೇಮವೆಂದು ಮೊಹರು ಒತ್ತುತ್ತಾರೆ. ಹತ್ತು ವರ್ಷ ಆ ಕಟ್ಟಡದ ಬೀಗಗಳನ್ನು ತೆರೆದು ಮುಚ್ಚಿದ ಹೆಂಗಸಿಗೆ ಇರುವುದು ಒಂದು ತಾರೀಖು ಮಾತ್ರ. ವಸ್ತುವನ್ನು ಕಳೆಯಬಾರದು ಎಂಬ ಎಚ್ಚರ ಮನುಷ್ಯರ ವಿಷಯದಲ್ಲಿ ಯಾಕೆ ಬಾರದೋ! ಬಹುಶಃ ಡಬ್ಬಿಯನ್ನು ಕೇಳಿಕೊಂಡು ಯಾರಾದರೂ ಬರುತ್ತಾರೆಂಬ ಭಯ ಇರುತ್ತದೆ, ಮೊರಿತಾ ಸಾನ್‌ರನ್ನು ಕೇಳಿಕೊಂಡು ಯಾರೂ ಬರುವುದಿಲ್ಲವೆಂಬ ಧೈರ್ಯ ಇರುತ್ತದೆ. ಅವರ ಹೊಟ್ಟೆಯ ಮೇಲೆ ಯಾರ ಹೆಸರನ್ನೂ ಕೊರೆದಿಲ್ಲವಲ್ಲ. ಮನೆಗೆ ಬಂದವಳ ಮುಖ ನೋಡಿ ಮಗಳು “ಅಮ್ಮಾ, ದೈಜೋಬು?” ಎಂದಳು. ಚೆನ್ನಾಗಿದ್ದೀಯಾ ಎಂಬ ಆ ಪ್ರಶ್ನೆಗೆ ನಾನು ಕನ್ನಡದಲ್ಲೇ ಇಲ್ಲ ಎಂದೆ.

ಮೂರನೆಯ ಸಭೆ ಮಾರ್ಚ್ ಇಪ್ಪತ್ತೈದರ ಸುಮಾರಿಗೆ, ಅದೇ ಕೊನೆಯದು. ಕುರೋದಾ ಸಾನ್ ಒಂದು ಹೊಸ ತೊಡಕನ್ನು ತಂದಿದ್ದರು. ಮರೆತು ಹೋದ ವಸ್ತುವನ್ನು ಪುಸ್ತಕದಲ್ಲಿ ದಾಖಲಿಸಿಕೊಂಡವರೇ ಅದನ್ನು ಖುದ್ದಾಗಿ ವಾರಸುದಾರರಿಗೆ ಕೊಟ್ಟು ಮೊಹರು ಒತ್ತಬೇಕು. ಬೇರೊಬ್ಬ ಪಾಲಕರಿಗೆ ವಹಿಸಬೇಕಾದರೆ ವಾರಸುದಾರರು ಎದುರಿಗಿರಬೇಕು. ವಾರಸುದಾರರು ಯಾರೆಂಬುದು ಮೈಸೂರಿನಲ್ಲಿ ಇನ್ನೂ ತೀರ್ಮಾನವಾಗಿಲ್ಲ. “ಆದ್ದರಿಂದ” ಎಂದು ಅವರು ಪುಸ್ತಕದಿಂದ ತಲೆ ಎತ್ತದೆ ಓದಿದರು, “ಈ ಒಂದು ವಿಲೇವಾರಿಗಾಗಿ ಮಾತ್ರ ಮೊರಿತಾ ಸಾನ್‌ರ ಗುತ್ತಿಗೆಯನ್ನು ಏಪ್ರಿಲ್ ಕೊನೆಯವರೆಗೆ, ಒಂದು ತಿಂಗಳು, ವಿಸ್ತರಿಸಬೇಕಾಗುತ್ತದೆ. ಇದು ಕೇವಲ ಕ್ರಮವಿಧಿ.”

ಓಗಾತಾ ಸಾನ್ ಸ್ಫೋಟಿಸಿದರು. “ಒಂದು ತಿಂಗಳು? ಹತ್ತು ವರ್ಷದ ಸೇವೆಗೆ ಒಂದು ತಿಂಗಳ ಭಿಕ್ಷೆ! ಸಂಘ ಇದನ್ನು ಖಂಡತುಂಡವಾಗಿ ತಿರ...”

ನಾನು ಮೇಜಿನ ಕೆಳಗೆ ಅವರ ಕಾಲನ್ನು ಬಲವಾಗಿ ಒದ್ದೆ. ಪ್ರಾಧ್ಯಾಪಕರನ್ನು ಒದೆಯುವ ಸಂಸ್ಕಾರ ನಮ್ಮ ಮನೆಯದಲ್ಲ, ಆದರೆ ಏಪ್ರಿಲ್ ಒಂದರ ಬೆಳಗ್ಗೆ ಮೊರಿತಾ ಸಾನ್ ಕೌಂಟರಿನಲ್ಲಿ ಕೂತರೆ ಐದು ವರ್ಷಕ್ಕೆ ಒಂದು ದಿನ ಸೇರಿ, ಐದು ವರ್ಷ ಮೀರುತ್ತದೆ ಎಂಬ ಲೆಕ್ಕ ನನಗೆ ಆ ಕ್ಷಣ ಹೊಳೆದಿತ್ತು. ಮಣ್ಣಿನ ಆಳ ಬಲ್ಲ ಪ್ರಾಧ್ಯಾಪಕರು ನನ್ನ ಮುಖವನ್ನೂ ಕುರೋದಾ ಸಾನ್‌ರ ಮುಖವನ್ನೂ ನೋಡಿ, ಮಾತು ನುಂಗಿ, “ಖಂಡತುಂಡವಾಗಿ... ಪರಿಶೀಲಿಸುತ್ತದೆ” ಎಂದು ಮುಗಿಸಿದರು. ಕುರೋದಾ ಸಾನ್ ಕಾಗದಕ್ಕೆ ಮೊಹರು ಒತ್ತಿ, ಮಸಿ ಆರಲೆಂದು ಮೆಲ್ಲಗೆ ಊದಿದರು. ಅವರಿಗೆ ಆ ಒಂದು ದಿನದ ಲೆಕ್ಕ ಹೊಳೆದಿರಲಿಲ್ಲವೆ? ಊರೆಲ್ಲರ ತಾರೀಖುಗಳನ್ನು ಎಣಿಸುವುದೇ ಅವರ ಉದ್ಯೋಗವಾಗಿತ್ತಲ್ಲ.

ಎರಡು ದಿನ ಕಳೆದು ಅಮ್ಮನ ಫೋನ್ ಬಂತು. “ಅಂತೂ ಶ್ರೀಧರ ಒಪ್ಕೊಂಡ ಕಣೇ! ಸೈನ್ ಹಾಕಿದಾನೆ. ಈಗ್ಲೇ ವಾಟ್ಸಾಪ್ ಮಾಡ್ತೀನಿ.”

“ಬೇಡ ಅಮ್ಮ! ಕಳಿಸ್ಬೇಡ! ಏಪ್ರಿಲ್ ಒಂದನೇ ತಾರೀಖಿನವರ್ಗೂ ಆ ಪೇಪರ್ ನೀನೂ ನೋಡಿಲ್ಲ, ನಾನೂ ನೋಡಿಲ್ಲ.”

“ಅಲ್ಲ, ಒಂದು ತಿಂಗಳಿಂದ ಪ್ರಾಣ ತಿಂದಿದೀಯ, ಈಗ ಬೇಡ್ವಂತೆ. ಜಪಾನ್ ನೀರು ತಲೆಗೆ ಹತ್ತಿದೆ ನಿಂಗೆ” ಎಂದು ಅಮ್ಮ ಫೋನ್ ಇಟ್ಟರು. ಶ್ರೀಧರ ಮಾವ ಒಪ್ಪಿದ್ದು ಜಪಾನಿನ ಒಳ್ಳೆಯ ಕೊಡೆಯೊಂದನ್ನು ಕಳಿಸಬೇಕೆಂಬ ಷರತ್ತಿನ ಮೇಲೆ ಎಂದು ಆಮೇಲೆ ತಿಳಿಯಿತು. ಇಡೀ ಪ್ರಕರಣದಲ್ಲಿ ನೇರವಾಗಿ ಚೌಕಾಸಿ ಮಾಡಿದವರು ಅವರೊಬ್ಬರೇ.

ಏಪ್ರಿಲ್ ಒಂದರ ಬೆಳಗ್ಗೆ ಮೊರಿತಾ ಸಾನ್ ಎಂದಿನಂತೆ ಬೀಗಗಳನ್ನು ತೆರೆದು, ತಮ್ಮದೇ ಕೌಂಟರಿನಲ್ಲಿ ಕೂತು, ತಮ್ಮನ್ನು ಕಾಯಂ ಮಾಡಬೇಕೆಂಬ ಒಂದು ಪುಟದ ಅರ್ಜಿಯನ್ನು ಬರೆದು ಕುರೋದಾ ಸಾನ್‌ರ ಮೇಜಿನ ಮೇಲಿಟ್ಟು ಬಂದರು. ಅರ್ಧ ಗಂಟೆಯ ಮೇಲೆ ಅದು ‘ಸ್ವೀಕರಿಸಲಾಗಿದೆ’ ಎಂಬ ಮೊಹರಿನೊಂದಿಗೆ ಮರಳಿತು. ಮೊರಿತಾ ಸಾನ್ ಅದನ್ನು ಮರೆತು ಹೋದ ವಸ್ತುಗಳ ಕಪಾಟಿನಲ್ಲಿ, ಡಬ್ಬಿಯ ಕೆಳಗೆ ಇಟ್ಟು ಬೀಗ ಹಾಕಿದರು. ಅವರಿಗೆ ತಿಳಿದ ಅತ್ಯಂತ ಭದ್ರವಾದ ಜಾಗ ಅದೇ ಆಗಿತ್ತು.

ಅಮ್ಮನ ಕಾಗದ ಬಂತು, ವಿಲೇವಾರಿಯ ದಿನವೂ ಬಂತು. ಕೌಂಟರಿನ ಆಚೆ ಮೊರಿತಾ ಸಾನ್, ಸಾಕ್ಷಿಯಾಗಿ ಪಕ್ಕದಲ್ಲಿ ಕುರೋದಾ ಸಾನ್, ಈಚೆ ಮೈಸೂರಿನ ರುಕ್ಮಿಣಿಯಮ್ಮನ ಪ್ರತಿನಿಧಿಯಾದ ನಾನು. ನಿಯಮದಂತೆ ಎಣಿಸಿ ಪಡೆಯಬೇಕು. ಮುಚ್ಚಳ ತೆರೆದು ಎಣಿಸಿದೆ. ಇಪ್ಪತ್ತೆರಡು. ಮತ್ತೆ ಎಣಿಸಿದೆ. ಇಪ್ಪತ್ತೆರಡೇ. ಪುಸ್ತಕದಲ್ಲಿ ಶುಕ್ರವಾರದಿಂದ ಶುಕ್ರವಾರಕ್ಕೆ ‘ಇಪ್ಪತ್ತಮೂರು’ ಎಂದು ಸಾಲುಸಾಲು ಮೊಹರುಗಳು, ಎಲ್ಲವೂ ಕುರೋದಾ ಸಾನ್‌ರವು.

ತಲೆ ಎತ್ತಿದೆ. ಮೊರಿತಾ ಸಾನ್ ಗೋಡೆಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು. ಕುರೋದಾ ಸಾನ್ ನಿಯಮಾವಳಿಯನ್ನು ಎದೆಗೆ ಇನ್ನಷ್ಟು ಬಿಗಿಯಾಗಿ ಅವುಚಿಕೊಂಡು ತಮ್ಮ ಬೂಟನ್ನು ನೋಡುತ್ತಿದ್ದರು. ಎರಡೂ ಕಿವಿ ಕೆಂಪಗಾಗಿದ್ದವು. ತಿಂಗಳು ಹಳೆಯ ಚಕ್ಕುಲಿ, ಎಣ್ಣೆ ಕಮಟು ಹಿಡಿದಿದ್ದಿರಬೇಕು. ಯಾವ ಶುಕ್ರವಾರ, ಯಾವ ಗಳಿಗೆಯಲ್ಲಿ ಆ ಮನುಷ್ಯನಿಗೆ ಮನಸ್ಸಾಯಿತೋ ನಾನು ಕೇಳಲಿಲ್ಲ. ಮೊಹರು ಊದಿದ ದಿನದ ಅವರ ಮುಖ ನೆನಪಾಯಿತು. ಪೆನ್ನು ತೆಗೆದುಕೊಂಡು ‘ಇಪ್ಪತ್ತಮೂರು, ಎಲ್ಲವೂ ಸರಿಯಾಗಿವೆ’ ಎಂದು ಬರೆದು, ಕನ್ನಡದಲ್ಲಿ ಸಹಿ ಹಾಕಿದೆ. ಭಾಷಾಂತರದಲ್ಲಿ ತೋರಿಸಿದ ಪ್ರಾಮಾಣಿಕತೆಯೆಲ್ಲ ಅಲ್ಲಿಗೆ ಮುಗಿಯಿತು. ಕುರೋದಾ ಸಾನ್ ನನಗೆ ತಲೆಬಾಗಿದರು, ವಿಶ್ವವಿದ್ಯಾಲಯದ ಅಧ್ಯಕ್ಷರಿಗೆ ಬಾಗುವಷ್ಟು ಆಳವಾಗಿ.

ಹೀಗೆ ಡಬ್ಬಿ ಮನೆಗೆ ಮರಳಿ, ತೊಗರಿಬೇಳೆಯ ಪಕ್ಕದಲ್ಲಿ ತನ್ನ ಹಳೆಯ ಜಾಗದಲ್ಲಿ ಕೂತಿದೆ. ನನ್ನ ಐದು ವರ್ಷ ತುಂಬಲು ಇನ್ನು ಎರಡು ವರ್ಷವಿದೆ. ಮೊರಿತಾ ಸಾನ್ ಈಗ ಸಂಘದ ಖಜಾಂಚಿ, ಮುಂದಿನ ಪಟ್ಟಿಯಲ್ಲಿ ನನ್ನ ಹೆಸರಿನ ಎದುರು ತಿಂಡಿಯ ಹೆಸರನ್ನೂ ಬರೆಯುವುದಾಗಿ ಹೆದರಿಸುತ್ತಾರೆ. ಡಬ್ಬಿ ಬಂದ ದಿನ ಸಂಜೆ ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. ಅಮ್ಮ ಕನ್ನಡಕ ಸರಿಮಾಡಿಕೊಂಡು, ಮೊದಲು ಅಜ್ಜಿಯ ಹೆಸರು ಅಳಿಸಿಲ್ಲ ತಾನೇ ಎಂದು ನೋಡಿ, ಆಮೇಲೆ ಕೇಳಿದರು:

“ಖಾಲಿ ಡಬ್ಬಿ ಕೊಟ್ರೇನೇ?”

“ಇಲ್ಲಮ್ಮ. ಒಂದು ಕಮ್ಮಿ ಮಾಡಿ ಕೊಟ್ರು.”

“ಹಾಗಾದ್ರೆ ತಿಂದಿದಾರೆ” ಎಂದರು ಅಮ್ಮ, ಬಹಳ ಸಮಾಧಾನದಿಂದ.